ಹೆಬ್ಬೆರಳಿನ ಒದೆ

ರೈಲಿನಲ್ಲಿ ಈಗ ಸಂಡಾಸವೇ ಇಲ್ಲ. ಅದರ ಬದಲು ಪ್ರತಿ ಸೀಟಿನ ಮುಂದೆ ಒಂದು ಕರೆಂಟಿನ ಹಲಗೆ ಹಾಕಿದ್ದಾರೆ. ಬರಿಗಾಲು ಊರಿದರೆ ಹಿಮ್ಮಡಿಯ ಪಕ್ಕದ ನರ ಜುಮ್ಮೆನ್ನುತ್ತದೆ, ಸಂಡಾಸದ ಅವಸರ ಅಡಗಿ ಹೊಟ್ಟೆ ಹೇಳಿದ ಮಾತು ಕೇಳುತ್ತದೆ. ಎರಡನೇ ಹೆರಿಗೆಯಲ್ಲಿ ಹೊಟ್ಟೆಯ ಮೇಲಿನ ಹಿಡಿತ ಕಳಕೊಂಡು ಮನೆಯಲ್ಲೇ ಕೂತಿದ್ದ ನಾನು ಈ ಹಲಗೆಯನ್ನು ನಂಬಿ, ಬಸುರಿ ತಂಗಿಯ ಕುಬಸಕ್ಕೆಂದು ಕೊಪ್ಪಳಕ್ಕೆ ಹೊರಟಿದ್ದೆ.

ಒಂದೇ ಪೀಡೆ. ಜುಮ್ಮೆಂದಾಗಲೆಲ್ಲ ಹೆಬ್ಬೆರಳು ತಾನಾಗಿ ಒದೆಯುತ್ತದೆ. ಎದುರಿಗೆ ಕೂತಿದ್ದ ಅಜ್ಜಿಯ ಪಾದಕ್ಕೆ ತಗಲಿತು. ತಪ್ಪಾಯಿತೆಂದು ಬಗ್ಗಿ, ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮತ್ತೆ ತಗಲಿತು, ಮತ್ತೆ ಬಗ್ಗಿದೆ.

"ಎಷ್ಟ್ ಸಲ ನಮಸ್ಕಾರ ಮಾಡ್ತೀಯವ್ವಾ? ನಾ ಏನ್ ದೇವ್ರೇನು?" ಎಂದು ಅಜ್ಜಿ ನಕ್ಕರು.

ನನಗೆಲ್ಲಿಯ ನಗು? ಹಿರಿಯರನ್ನು ಒದೆಯುತ್ತಾ ಕೂರುವುದೆಂದರೇನು! ಕಾಲು ಮೇಲೆತ್ತಿ ಸೀಟಿನ ಮೇಲೆ ಮಡಚಿಕೊಂಡೆ.

ಬನ್ನಿಕೊಪ್ಪ ದಾಟಿದ್ದೇ ತಡ, ಹೊಟ್ಟೆ ಗುಡುಗುಡು ಅಂದಿತು. ಬೆವರು ಕಿತ್ತು ಬಂತು. ಕಿಟಕಿಯಾಚೆ ಬರೀ ಹೊಲ, ನಿಲ್ದಾಣದ ಸುಳಿವೇ ಇಲ್ಲ. ಸೆರಗು ಬಿಗಿಹಿಡಿದು ಹಲ್ಲು ಕಚ್ಚಿದೆ.

ಅಜ್ಜಿ ನನ್ನ ಮುಖ ನೋಡಿದರು. "ಕಾಲ್ ಇಳಸವ್ವಾ."

"ನಿಮಗ ಒದಿತೈತ್ರೀ ಅಜ್ಜೀ."

"ನಾನೂ ನಾಕ್ ಹಡದೀನಿ. ನನಗ ಗೊತ್ತೈತಿ. ಒದಿ!"

ಅವರೇ ನನ್ನ ಹಿಮ್ಮಡಿ ಹಿಡಿದು ಹಲಗೆಗೆ ಒತ್ತಿ, ತಾವೂ ತಮ್ಮ ಹಲಗೆಗೆ ಕಾಲೂರಿದರು. ಜುಮ್ಮೆಂದಿತು. ಹೊಟ್ಟೆಯ ಗುಡುಗು ಮೆಲ್ಲಗೆ ದೂರ ಸರಿಯಿತು. ನನ್ನ ಬೆರಳು ಅವರನ್ನು ಒದ್ದಿತು, ಅವರ ಬೆರಳು ನನ್ನನ್ನು ಒದ್ದಿತು. ಕೊಪ್ಪಳ ಬರುವವರೆಗೂ ಒಬ್ಬರನ್ನೊಬ್ಬರು ಒದೆಯುತ್ತಲೇ ಹೋದೆವು.

ಯಾರೂ ಕಣ್ಣಿಗೊತ್ತಿಕೊಳ್ಳಲಿಲ್ಲ.