ನೀಲಿ ಚುಕ್ಕಿ ನಿಂತ ಜಾಗ

ಆ ಕೆಂಪು ಕಲೆ ನಾನೇ ಇರಬಹುದೇ ಎಂಬ ಸಣ್ಣ ಹೆದರಿಕೆ, ನಮ್ಮ ಆಫೀಸಿನ ಸುರೇಂದ್ರ ಸರ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ ಕೂಡಲೇ ಶುರುವಾಯಿತು. ಪರದೆಯ ಮೇಲೆ ಸಾಗರ ಪೇಟೆಯ ನಕ್ಷೆ. ನಾವು ಪ್ರವಾಸಿಗರಿಗೆಂದು ಮಾಡಿದ ಆ್ಯಪ್ ಹಾಕಿಕೊಂಡು ಪೇಟೆ ಸುತ್ತಿದವರು ಎಲ್ಲೆಲ್ಲಿ ಎಷ್ಟು ಹೊತ್ತು ನಿಂತರು ಎಂಬುದನ್ನು ಅದು ಬಣ್ಣದಲ್ಲಿ ತೋರಿಸುತ್ತಿತ್ತು. ದೇವಸ್ಥಾನದ ಹತ್ತಿರ ತಿಳಿ ಹಳದಿ. ಗಂಧದ ಕೆತ್ತನೆಯವರ ಅಂಗಡಿಗಳ ಮುಂದೆ ಕಿತ್ತಳೆ. ಗಾಢ ಕೆಂಪು ಇದ್ದದ್ದು ಒಂದೇ ಕಡೆ, ರವೀಶನ ಮಿಕ್ಸಿ ರಿಪೇರಿ ಅಂಗಡಿಯ ಮುಂದೆ.

“ಎಂತದೋ ಇದೆ ಅಲ್ಲಿ,” ಎಂದರು ಸರ್. “ಇದೇ ಊರಲ್ಲಿದ್ದೂ ನಮ್ಗೆ ಗೊತ್ತಿಲ್ಲ ನೋಡು ದೀಪಶ್ರೀ. ಹೊರಗಿನ ಜನ ಕಂಡುಹಿಡಿದಿದಾರೆ.”

ಹೊರಗಿನ ಜನರಲ್ಲ, ನಾನು. ಕಿವಿಗೆ ಇಯರ್‌ಫೋನ್ ಹಾಕಿ, ಮೊಬೈಲ್ ಹಿಡಿದು ಪೇಟೆಯಲ್ಲಿ ನಡೆದರೆ, ಆಯಾ ಜಾಗ ಬಂದಾಗ ಅಲ್ಲಿಯ ಕಥೆಯನ್ನು ಆ್ಯಪ್ ತಾನಾಗಿ ಹೇಳುತ್ತದೆ. ಸರಿಯಾದ ಜಾಗದಲ್ಲಿ ಸರಿಯಾದ ಕಥೆ ಹೇಳುತ್ತದೆಯೇ ಎಂದು ನಡೆದು ನೋಡುವುದು ನನ್ನ ಕೆಲಸ. ಆದರೆ ನಡೆಯಬೇಕಲ್ಲ. ಎರಡು ಕೈಗಳನ್ನು ಎಲ್ಲಿ ಇಟ್ಟುಕೊಂಡು ನಡೆಯಬೇಕು ಎಂಬುದೇ ಪದವಿ ಮುಗಿದರೂ ನನಗೆ ಸ್ಪಷ್ಟವಾಗಿಲ್ಲ. ಪರಿಚಯದವರು ಎದುರು ಬಂದರೆ ನಗುವುದನ್ನು ತುಂಬಾ ಬೇಗ ಶುರು ಮಾಡಿಬಿಡುತ್ತೇನೆ. ಅವರು ಹತ್ತಿರ ಬರುವಷ್ಟರಲ್ಲಿ ನಗು ಮುಗಿದಿರುತ್ತದೆ. ಹಾಗಾಗಿ ಆ್ಯಪನ್ನು ಆಫೀಸಿನ ಕಂಪ್ಯೂಟರಿಗೇ ಹಾಕಿಕೊಂಡೆ. ಕಂಪ್ಯೂಟರನ್ನು ಮೊಬೈಲ್ ಎಂದು ನಂಬಿಸುವ ಸಾಫ್ಟ್‌ವೇರ್ ಇದೆ. ಅದರ ನಕ್ಷೆಯಲ್ಲಿ ನಾನೊಂದು ನೀಲಿ ಚುಕ್ಕಿ. ಮೌಸಿನಿಂದ ಎಳೆದರೆ ನಡೆಯುತ್ತೇನೆ. ಚುಕ್ಕಿಗೆ ಕೈಗಳಿಲ್ಲ. ಅದನ್ನು ಯಾರೂ ತಡೆದು, ನಿಮ್ಮೂರು ರಿಪ್ಪನ್‌ಪೇಟೆಯಲ್ಲಿ ಯಾರ ಮನೆಯಾಯಿತು ಎಂದು ಕೇಳುವುದಿಲ್ಲ. ಹೋಂಸ್ಟೇಯವರನ್ನು ಕಾಣಲು ಸದಾ ಹೊರಗೆ ತಿರುಗುವ ಸರ್ ಮಾತ್ರ, ನಾನು ಬಿಸಿಲಲ್ಲಿ ನಡೆದು ಸೊರಗಿದ್ದೇನೆಂದು ನಂಬಿ ಎರಡು ಸಲ ಎಳನೀರು ತರಿಸಿಕೊಟ್ಟಿದ್ದರು. ಕುಡಿದಿದ್ದೆ.

ಕೆಲಸವಿಲ್ಲದಾಗ ಚುಕ್ಕಿಯನ್ನು ಎಲ್ಲಾದರೂ ನಿಲ್ಲಿಸಬೇಕು. ನಾನು ರವೀಶನ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದೆ. ಅಲ್ಲಿ ನೆರಳಿದೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡಿದ್ದೆ, ಚುಕ್ಕಿಗೆ ಬಿಸಿಲು ತಾಗುತ್ತದೆ ಎಂಬಂತೆ. ನಿಜ ಏನೆಂದರೆ, ಬೇಸಿಗೆಯಲ್ಲಿ ಅವನು ಆಫೀಸಿನ ಫ್ಯಾನು ಸರಿಮಾಡಲು ಬಂದಿದ್ದ. ಸ್ವಿಚ್ ಹಾಕಿ, ಗಾಳಿ ಬರ್ತಿದೆಯಾ ಎಂದು ಕೇಳಿದ. ಮೇಜಿನ ಕಾಗದಗಳೆಲ್ಲ ಹಾರುತ್ತಿದ್ದರೂ ನನಗೆ ಉತ್ತರ ಹೊಳೆಯಲಿಲ್ಲ. ಅವನು ನಗದೆ, ಕಾಗದಗಳನ್ನು ಒಂದೊಂದಾಗಿ ಹೆಕ್ಕಿಕೊಟ್ಟು ಹೋದ. ಅಂದಿನಿಂದ ದಿನಾ ಊಟದ ಹೊತ್ತಿನಲ್ಲಿ ಅವನ ಅಂಗಡಿಯೆದುರು ನಿಲ್ಲುತ್ತಿದ್ದೆ. ಪರದೆಯಲ್ಲಿ ಅಂಗಡಿ ಎಂದರೆ ಬೂದು ಬಣ್ಣದ ಒಂದು ಚೌಕ. ಚೌಕವನ್ನು ನೋಡಿ ನಾಚಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಹೀಗೆ ಕುರ್ಚಿಯಲ್ಲಿ ಕೂತು ನಡೆದದ್ದೂ ನಿಂತದ್ದೂ ಪ್ರವಾಸಿಗರ ಲೆಕ್ಕಕ್ಕೇ ಸೇರುತ್ತದೆಂದು ಮಾತ್ರ ತಲೆಗೆ ಹೋಗಿರಲಿಲ್ಲ.

ಸರ್ ತಡಮಾಡಲಿಲ್ಲ. ಅಂಗಡಿಯ ವಿಶೇಷವನ್ನು ಅವನ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡಿಕೊಳ್ಳೋಣ ಎಂದು ಲ್ಯಾಪ್‌ಟಾಪ್ ಬಗಲಿಗಿಟ್ಟು ಹೊರಟೇಬಿಟ್ಟರು. ಹಿಂದೆ ನಾನು. ದಾರಿಯಲ್ಲಿ ಒಂದು ಏರು ಇತ್ತು. ಮೌಸಿಗೆ ಅದು ತಿಳಿದಿರಲಿಲ್ಲ. ನಾನು ಏದುಸಿರು ಬಿಡುತ್ತಾ ತಲುಪಿದೆ.

ರವೀಶ ಒಂದು ಮಿಕ್ಸಿಯನ್ನು ಬೋರಲು ಹಾಕಿ ಬಿಚ್ಚುತ್ತಿದ್ದ. ಸರ್ ಹೇಳಿದ್ದನ್ನೆಲ್ಲ ಕೇಳಿ ರಸ್ತೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದ. ಮಳೆ ಬಂದಾಗ ಬಿಟ್ಟರೆ ತನ್ನ ಅಂಗಡಿಯ ಮುಂದೆ ಯಾರೂ ನಿಲ್ಲುವುದಿಲ್ಲ ಎಂದ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲವೆಂದು ಸರ್ ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೆಂಪು ಕಲೆಯ ಮೇಲೆ ಒತ್ತಿದರು. ಒತ್ತಿದವರು ಪರದೆಗೆ ಮುಖ ಹತ್ತಿರ ತಂದು ಓದಿದರು.

“ತುಂಬಾ ಜನ ಅಲ್ಲ ಮಾರಾಯ,” ಎಂದರು. “ಒಬ್ರೇ. ದಿನಾ ಮಧ್ಯಾಹ್ನ ಬಂದು ನಿಲ್ತಾರೆ.”

ರವೀಶನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಮಧ್ಯಾಹ್ನ ತಾನು ಷಟರ್ ಎಳೆದು ಊಟಕ್ಕೆ ಮನೆಗೆ ಹೋಗುತ್ತೇನೆ, ಅಂಗಡಿಯಲ್ಲಿ ಯಾರೂ ಇರುವುದಿಲ್ಲ ಎಂದ. ಅಂದರೆ ಇಷ್ಟು ದಿನ ನಾನು ನಾಚಿಕೊಂಡದ್ದು ಅವನಿಲ್ಲದ ಚೌಕಕ್ಕೆ. ಪಕ್ಕದ ಅಂಗಡಿಯಲ್ಲಿ ಹೋದ ತಿಂಗಳು ಹಾಡುಹಗಲೇ ಬೀಗ ಒಡೆದಿದ್ದರಂತೆ.

“ಯಾರೋ ಹೊಂಚು ಹಾಕ್ತಿದಾರೆ ಸುರೇಂದ್ರಣ್ಣ. ಇಲ್ಲಿರೋದೆಲ್ಲ ಊರವ್ರ ಸಾಮಾನು. ಹೋದ್ರೆ ಯಾರ್‍ಯಾರಿಗೆ ಅಂತ ಉತ್ತರ ಹೇಳ್ಲಿ ನಾನು?”

ಪೊಲೀಸರಿಗೆ ಹೇಳಿಬಿಡುವುದೇ ಒಳ್ಳೆಯದು ಎಂದರು ಸರ್. ಹಾಗಾದರೆ ಈಗಲೇ ಹೋಗೋಣ ಎಂದು ರವೀಶ ಎದ್ದ. ಇನ್ನು ಮೇಲೆ ರಾತ್ರಿಯೂ ಅಂಗಡಿಯಲ್ಲೇ ಮಲಗುತ್ತೇನೆ ಎಂದೂ ಹೇಳಿದ. ಹೇಳುತ್ತಲೇ ಷಟರ್ ಎಳೆಯಲು ಕೈ ಹಾಕಿದ. ನನಗೆ ಒಬ್ಬರು ಹೆದರಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ, ಅವನಿಗೆ ನಿದ್ದೆ ಉಳಿಯುತ್ತಿರಲಿಲ್ಲ.

“ಹೋಗ್ಬೇಡಿ,” ಎಂದೆ. “ಕಳ್ಳ ಅಲ್ಲ. ದಿನಾ ಬಂದು ನಿಲ್ತಿದ್ದದ್ದು ನಾನು. ಕಂಪ್ಯೂಟರಲ್ಲಿ.”

ಸರ್ ಲ್ಯಾಪ್‌ಟಾಪ್ ಮುಚ್ಚಿದರು. ರವೀಶ ಷಟರಿನಿಂದ ಕೈ ತೆಗೆದ. ಅವನ ಮುಖದಲ್ಲಿ ಹೆದರಿಕೆ ಇಳಿದು, ಗಿರಾಕಿಯೊಬ್ಬರನ್ನು ಇಷ್ಟು ದಿನ ಕಾಯಿಸಿಬಿಟ್ಟೆನಲ್ಲ ಎಂಬ ಸಂಕೋಚ ಬಂತು.

“ಮೊದ್ಲೇ ಹೇಳೋದಲ್ವಾ ಮೇಡಮ್,” ಎಂದ. “ಮಿಕ್ಸಿ ಹಾಳಾಗಿತ್ತಾ?”

“ಇಲ್ಲ,” ಎಂದೆ. “ನಮ್ಮನೆ ಮಿಕ್ಸಿ ಚೆನ್ನಾಗೇ ಇದೆ.”