ಮುತ್ತುವಿನ ಕೈಯಳತೆ

ಕಡಲು ಬಿಸಿಯೇರಿದ ಮೇಲೆ ಹವಳದ ದಿಬ್ಬಗಳನ್ನು ಪಡಿತರದಂತೆ ಮನೆಮನೆಗೆ ಸಾಕಲು ಕೊಡುತ್ತಿದ್ದಾರೆ. ಮೊನ್ನೆ ನಮ್ಮ ಸರದಿ. ಗಾಜಿನ ತೊಟ್ಟಿಯ ಅಳತೆ ಬರೆದುಕೊಳ್ಳಲು ಹಂಚಿಕೆ ಕಚೇರಿಯ ಮೇಡಂ ಬಂದರು.

ಹಳೆಯ ಬೋಟಿನವನ ಗತ್ತಿನಲ್ಲಿ ನಾನೆಂದೆ: "ಒಂದಾಳ್ ಆಳ ಇರ್ಲಿ."

"ಒಳಗಿನ ಪಾಚಿ ಉಜ್ಜೋರು ಯಾರು?" ಮೇಡಂ ಕೇಳಿದರು.

ನಾನು ಮಾಡಿನ ಹಂಚು ಎಣಿಸತೊಡಗಿದೆ.

ಹೆಂಡತಿ ಮುತ್ತು ತೋಳು ಚಾಚಿದಳು. "ನನ್ ಕೈ ಎಟ್ಕುವಷ್ಟೇ ಆಳ ಬರ್ಕಣಿ." ಟೇಪು ಎರಡಡಿ ತೋರಿಸಿತು.

"ಹಾಗಾದ್ರೆ ಉದ್ದ ಆರಡಿ, ಅಗಲ ನಾಲ್ಕಡಿ ಬೇಕು. ಜಾಗ ಇಲ್ಲದಿದ್ರೆ ನಿಮ್ಮ ಪಾಲು ಪಕ್ಕದ ಮನೆಗೆ," ಎಂದರು ಮೇಡಂ.

"ಜಾಗಕ್ಕೆಂತ ಬರ?" ಎಂದ ಮುತ್ತು ಸೀದಾ ನನ್ನ ಮಂಚಕ್ಕೆ ಟೇಪು ಹಿಡಿದಳು.

ಮೂವತ್ತು ವರ್ಷ ನಾನು ಕಡಲ ಮೇಲೆ ಮಲಗಿದ್ದೆ. ಈಗ ನಾನು ಚಾಪೆಯಲ್ಲಿ. ನನ್ನ ಜಾಗದಲ್ಲಿ ಕಡಲು ಮಲಗಿದೆ.