ಖಾಲಿ ಬಿಟ್ಟ ಮೊದಲ ಸಾಲು

ತರಗತಿಯ ಒಲೆಗೆ ಬೆರಣಿ ತುಂಬುತ್ತಿದ್ದ ಟೀಚರ್ ಬುರುಲ್ ಅವರ ಪಕ್ಕದಿಂದ ಪುಟ್ಟ ಕೈಯೊಂದು ನುಗ್ಗಿ, ಮಡಿಸಿದ ಕಾಗದವನ್ನು ಬೆಂಕಿಗೆ ಹಿಡಿಯಿತು. ಬುರುಲ್ ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹತ್ತು ವರ್ಷದ ಜಿಪಾರ್.

ಚೊಚ್ಚಲ ಮಗುವೆಂದು ಅವಳನ್ನು ಆ ಊರಿನ ಪದ್ಧತಿಯಂತೆ ಸಾಕಲು ಅಜ್ಜಿಯ ಮಡಿಲಿಗೆ ಹಾಕಿದ್ದರು. ಅವಳು ಅಜ್ಜಿಯನ್ನೇ ಅಮ್ಮ ಎನ್ನುತ್ತಿದ್ದಳು. ಮಾಸ್ಕೋದಲ್ಲಿ ದುಡಿಯುವ ‘ಅಕ್ಕ’ನೇ ಹೆತ್ತವಳೆಂದು ಕಳೆದ ಚಳಿಗಾಲದಲ್ಲಿ ಯಾರೋ ಆಡಿಕೊಂಡಾಗಿನಿಂದ ತರಗತಿಯಲ್ಲಿ ಅವಳು ಬಾಯಿಯೇ ಬಿಟ್ಟಿರಲಿಲ್ಲ. ತರಗತಿಯ ಅಭ್ಯಾಸಕ್ಕೆಂದು ಆ ‘ಅಕ್ಕ’ನಿಗೆ ಬರೆದ ಈ ಕಾಗದವೂ ಅಂದಿನಿಂದ ಚೀಲದಲ್ಲೇ ಉಳಿದಿತ್ತು. ಇವತ್ತು ಮಾಸ್ಕೋಗೆ ಹೊರಟ ನೆರೆಮನೆಯವನ ಕಾರು ಅದನ್ನು ಒಯ್ಯಲು ಶಾಲೆಯ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು.

“ಏನು ಬರ್ದಿದ್ದೀಯ ಅಂತ ಕೇಳಲ್ಲ ಮರಿ. ಯಾಕೆ ಸುಡ್ಬೇಕು, ಅಷ್ಟು ಹೇಳು.”

“ಮೊದಲ್ನೇ ಸಾಲು ಬರೀಲಿಕ್ಕೆ ಆಗ್ತಿಲ್ಲ, ಟೀಚರ್. ಅಕ್ಕ ಅಂದ್ರೆ ಸುಳ್ಳು. ಅಮ್ಮ ಅಂದ್ರೆ ಮನೇಲಿರೋ ಅಮ್ಮ ಅಳ್ತಾಳೆ.”

“ಮೂಗಿ ಮಾತಾಡಿದ್ಲು ಕಣ್ರೋ,” ಎಂದಿತು ಹಿಂದಿನ ಬೆಂಚು. ಬುರುಲ್ ತಿರುಗಿ ನೋಡಿದರು. ನಗು ನಿಂತಿತು.

“ಆ ಸಾಲು ಖಾಲಿ ಇರ್ಲಿ ಬಿಡು. ಏನಂತ ಕರೀಬೇಕು ಅಂತ ನಿಂಗೆ ಅನ್ನಿಸ್ದಾಗ ಬರಿ.”

“ಮಾರ್ಕ್ಸ್ ಕಳೆಯಲ್ವಾ?”

“ಕಳೆಯಲ್ಲ.”

ಅವರು ಕೈ ಸಡಿಲಿಸಿದರು. ಒಲೆಯ ಬಾಯಿ ಇನ್ನೂ ತೆರೆದೇ ಇತ್ತು. ಜಿಪಾರ್ ಅದನ್ನೊಮ್ಮೆ ನೋಡಿ, ಹಿಮದಲ್ಲಿ ಗೇಟಿನತ್ತ ಓಡಿದಳು. ನೆರೆಮನೆಯವನು ಗಾಜು ಇಳಿಸಿ ಕಾಗದವನ್ನು ಅಂಗಿಯ ಜೇಬಿಗಿಟ್ಟುಕೊಂಡ. ಕಾರು ಹೊರಡುವವರೆಗೂ ಅವಳು ಅದರ ಬಾಗಿಲನ್ನು ಬಿಡಲಿಲ್ಲ.